ಹಿರಿದನ್ನು ಕಿರಿದು ಮಾಡುವ ಬಗೆ

ಇಟಲಿಯ ಗೀತನಾಟಕವಾದ ಆಪೆರಾವನ್ನು ಹತ್ತೆಂಟು ವಾದ್ಯಗಳಿಗೆ ಇಳಿಸಹೊರಟವನಿಗೆ ಮೊದಲು ಎದುರಾಗುವ ತೊಡಕು ರಾಗದ್ದಲ್ಲ, ಕೂಡುಸ್ವರಗಳದು. 1896ರಲ್ಲಿ ಟ್ಯೂರಿನ್ ನಗರದಲ್ಲಿ ಮೊದಲು ಪ್ರಯೋಗವಾದ ಪುಚ್ಚೀನಿಯ 'ಲಾ ಬೊಹೆಮ್' ನಾಟಕದಲ್ಲಿ ಗಾಯಕನ ದನಿಯ ಕೆಳಗೆ ಕೊಂಬುಕೊಳಲುಗಳು ಕೂಡಿ ಹಾಸಿದ ಸ್ವರಗಳನ್ನು ತೆಗೆದರೆ ಹಾಡು ಉಳಿದೀತು, ಭಾವ ಉಳಿಯದು. 1918ರಲ್ಲಿ ಷೋನ್‌ಬರ್ಗನು ವಿಯೆನ್ನಾದಲ್ಲಿ ಸ್ಥಾಪಿಸಿದ ಸಂಗೀತಸಂಘದವರು ದೊಡ್ಡ ವಾದ್ಯವೃಂದದ ಕೃತಿಗಳನ್ನು ಕಿರಿದುಗೊಳಿಸುವಾಗ ಊದುವಾದ್ಯಗಳ ಸ್ಥಾನದಲ್ಲಿ ಹಾರ್ಮೋನಿಯಮ್ಮನ್ನು ಇರಿಸಿದರು. ಉಪಾಯವು ಯುಕ್ತವಾದುದೇ, ಹಲವು ಸ್ವರಗಳನ್ನು ಒಟ್ಟಿಗೆ ಹಿಡಿದು ನಿಲ್ಲಿಸುವುದು ಆ ಪೆಟ್ಟಿಗೆಯ ಸಹಜಧರ್ಮ.

ಅದೇ ಪೆಟ್ಟಿಗೆಯು ಹಾಲ್ಕುರಿಕೆ, ತಿಪಟೂರು ಸೀಮೆಯ ಮೂಡಲಪಾಯ ಯಕ್ಷಗಾನಕ್ಕೆ ಬಂದುದರ ಫಲ ಬೇರೆ. ಭಾಗವತ, ಮದ್ದಲೆ, ತಾಳ, ಮುಖವೀಣೆ—ಇಲ್ಲಿಯ ಹಿಮ್ಮೇಳವು ಮೊದಲೇ ಚಿಕ್ಕದು. ಕಿರಿದಾಗಬೇಕಾದುದು ಇರುಳಿಡೀ ನಡೆಯುವ ಆಟವೇ ಹೊರತು ವಾದ್ಯವಲ್ಲ. ಭಾಗವತನು ಉಸಿರು ತೆಗೆದುಕೊಳ್ಳುವಾಗ ಪದದ ಎಳೆ ಕಡಿಯದಂತೆ ಮುಂದಕ್ಕೊಯ್ಯುವುದು ಮುಖವೀಣೆ. ಜಾರುವ ಸ್ವರವೇ ಅದರ ಪ್ರಾಣ. ಹಾರ್ಮೋನಿಯಮ್ ಜಾರಲಾರದು, ಮೆಟ್ಟಿಲು ಹತ್ತುತ್ತದೆ. ಮುಖವೀಣೆಯವನು ದೊರೆಯುವುದು ಕಷ್ಟವೆಂಬುದು ನಿಜ. ಆದರೆ ಕಷ್ಟಕ್ಕೆ ಮಾಡಿಕೊಂಡ ಏರ್ಪಾಡನ್ನು ಸುಧಾರಣೆಯೆಂದು ಕರೆಯಬಾರದು.

ಕರಾವಳಿಯ ಯಕ್ಷಗಾನವನ್ನು ಕೆಲವೇ ಗಂಟೆಗಳ ಪ್ರಯೋಗಕ್ಕೆ ಇಳಿಸಿದ ಶಿವರಾಮ ಕಾರಂತರು ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಸೇರಿಸಿದಾಗ ಸಂಪ್ರದಾಯಸ್ಥರು ಮುನಿದರು. ಆಕ್ಷೇಪಣೆಗೆ ಅರ್ಥವಿಲ್ಲದೆ ಇಲ್ಲ. ಆದರೂ ಅವೆರಡೂ ಜಾರಬಲ್ಲ ವಾದ್ಯಗಳು; ಭಾಗವತನ ಹಿಂದೆ ನಡೆಯಬಲ್ಲವು. ಮೂಡಲಪಾಯವನ್ನು ಮೂರು ಗಂಟೆಗೆ ತರುವವರು ಒಡ್ಡೋಲಗಗಳನ್ನು ಮೊಟಕುಗೊಳಿಸಲಿ, ಮರಳಿ ಮರಳಿ ಬರುವ ಮಾತನ್ನು ಕತ್ತರಿಸಲಿ; ಮುಖವೀಣೆಯವನನ್ನು ಮಾತ್ರ ಮನೆಗೆ ಕಳುಹಿಸದಿರಲಿ.