ಭಯವನ್ನು ಬಿಡಿಸಿ ನೋಡಿದವರು

ಅನುಭವಕ್ಕೆ ಬಂದದ್ದನ್ನು ಬಂದ ಹಾಗೆಯೇ ವಿವರಿಸಬೇಕೆನ್ನುವ ಫಿನಾಮಿನಾಲಜಿಯ ಗ್ರೀಕ್ ಮೂಲವನ್ನು ಹುಡುಕುವವರು ಮೊದಲು ಪ್ಲೇಟೊನತ್ತ ಹೊರಳುತ್ತಾರೆ. ಈ ಪಂಥದವನೇ ಆದ ಹೈಡೆಗರ್‌ನ 'ಬೀಯಿಂಗ್ ಅಂಡ್ ಟೈಮ್' (1927) ತೆರೆದುಕೊಳ್ಳುವುದೇ ಪ್ಲೇಟೊನ 'ಸೋಫಿಸ್ಟ್' ಸಂವಾದದ ಮಾತಿನಿಂದಾದ್ದರಿಂದ ಅದು ಸಹಜವೇ. ಆದರೆ ಗ್ರೀಕರಿಗಿರುವ ಋಣ ಇನ್ನೂ ಸ್ಪಷ್ಟವಾಗಿ ಕಾಣುವುದು, ತತ್ತ್ವಶಾಸ್ತ್ರದವರು ಹೆಚ್ಚಾಗಿ ಬದಿಗಿಡುವ ಅರಿಸ್ಟಾಟಲ್‌ನ 'ರೆಟರಿಕ್' ಗ್ರಂಥದ ಎರಡನೆಯ ಭಾಗದಲ್ಲಿ. ಕೋಪ, ಭಯ, ನಾಚಿಕೆ, ಕರುಣೆ ಇವು ಎಂಥ ಸ್ಥಿತಿಯಲ್ಲಿರುವವರಿಗೆ, ಯಾರ ವಿಷಯದಲ್ಲಿ, ಯಾತಕ್ಕಾಗಿ ಹುಟ್ಟುತ್ತವೆ ಎಂದು ಅಲ್ಲಿ ಅವನು ಒಂದೊಂದಾಗಿ ವಿಚಾರಿಸುತ್ತಾನೆ.

ಭಯವನ್ನೇ ನೋಡಿ. ಮುಂದೆ ಒದಗಲಿರುವ ಕೇಡನ್ನು ಮನಸ್ಸಿಗೆ ತಂದುಕೊಂಡಾಗ ಆಗುವ ನೋವು ಅದು. ಕೇಡು ದೊಡ್ಡದಾಗಿದ್ದರೆ ಸಾಲದು, ಹತ್ತಿರ ಬಂದಂತೆಯೂ ತೋರಬೇಕು. ಸಾಯುತ್ತೇವೆಂದು ಎಲ್ಲರಿಗೂ ಗೊತ್ತಿದ್ದರೂ ಸಾವು ಸಮೀಪದಲ್ಲಿಲ್ಲವೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ ಎನ್ನುತ್ತಾನೆ ಅರಿಸ್ಟಾಟಲ್. ಪಾರಾಗುವ ಆಸೆಯೇ ಬತ್ತಿದವನೂ ಹೆದರುವುದಿಲ್ಲವಂತೆ. 1924ರಲ್ಲಿ ಮಾರ್ಬುರ್ಗ್‌ನ ತರಗತಿಯಲ್ಲಿ ಈ ಪುಟಗಳನ್ನು ವಿವರವಾಗಿ ಓದಿಸಿದ ಹೈಡೆಗರ್, ತನ್ನ ಗ್ರಂಥದಲ್ಲಿ ಭಯವನ್ನು ಮೂರಾಗಿ ಬಿಡಿಸಿದ: ಹೆದರಿಸುವ ವಸ್ತು, ಹೆದರುವಿಕೆ, ಯಾರಿಗಾಗಿ ಹೆದರುತ್ತೇವೋ ಆ ಜೀವ. ಕೇಡು ಹತ್ತಿರವಾಗುತ್ತಲೂ ತಪ್ಪಿಹೋಗಬಹುದೆಂಬ ಸಾಧ್ಯತೆಯೇ ಭಯವನ್ನು ಹೆಚ್ಚಿಸುತ್ತದೆಂದ. ಮುಂದೆ ಸಾವಿನ ಚರ್ಚೆಯಲ್ಲಿ, 'ಎಲ್ಲರೂ ಸಾಯುವವರೇ, ಸದ್ಯಕ್ಕಂತೂ ಅಲ್ಲ' ಎಂಬ ದಿನನಿತ್ಯದ ಸಮಾಧಾನವನ್ನು ಅವನು ಜಾಲಾಡುವಾಗ ಅರಿಸ್ಟಾಟಲ್‌ನ ಅದೇ ಗಮನಿಕೆ ಒಂದು ಅಧ್ಯಾಯದಷ್ಟು ಬೆಳೆದಿರುತ್ತದೆ.

'ರೆಟರಿಕ್' ಸಭೆಯಲ್ಲೂ ನ್ಯಾಯಾಲಯದಲ್ಲೂ ಗೆಲ್ಲಲು ಬರೆದ ಕೈಪಿಡಿ, ಅದರಲ್ಲಿ ತತ್ತ್ವ ಹುಡುಕುವುದು ಅತಿಯಾಯಿತು ಎಂದು ಕೆಲವರು ಆಕ್ಷೇಪಿಸಬಹುದು. ನನಗೆ ಅದು ಕೈಪಿಡಿಯಾಗಿದ್ದದ್ದೇ ಅನುಕೂಲವಾಯಿತೆನಿಸುತ್ತದೆ. ಅಪಾಯ ನಿಜವಾಗಿ ಎಷ್ಟು ದೂರವಿದೆ ಎಂಬುದಕ್ಕಿಂತ ಕೇಳುಗನಿಗೆ ಎಷ್ಟು ಹತ್ತಿರ ತೋರುತ್ತಿದೆ ಎಂಬುದೇ ಭಾಷಣಕಾರನಿಗೆ ಮುಖ್ಯ. ತೋರುವಿಕೆಯನ್ನೇ ಶ್ರದ್ಧೆಯಿಂದ ಪರಿಶೀಲಿಸುವ ಶಿಸ್ತು ಹೀಗೆ ಕಸುಬಿನ ಅಗತ್ಯದಿಂದ ಬಂತು. ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ಈ ಪಂಥದ ಸ್ಥಾಪಕ ಹುಸರ್ಲ್ ತನ್ನ ಗುರುವೆಂದು ನೆನೆದದ್ದು ಡೆಕಾರ್ಟ್‌ನನ್ನು, 1929ರ ಪ್ಯಾರಿಸ್ ಉಪನ್ಯಾಸಗಳೇ ಸಾಕ್ಷಿ. ಇದನ್ನು ಅಲ್ಲಗಳೆಯಲಾಗದು. ಆದರೂ ಹುಸರ್ಲ್‌ಗೆ ವಿಯೆನ್ನಾದಲ್ಲಿ ಪಾಠ ಹೇಳಿದ ಬ್ರೆಂಟಾನೊ 1862ರಲ್ಲೇ ಅರಿಸ್ಟಾಟಲ್ ಬಗ್ಗೆ ಪ್ರಬಂಧ ಬರೆದವನು. ಮನಸ್ಸಿನ ಪ್ರತಿ ವ್ಯಾಪಾರವೂ ಯಾವುದಾದರೊಂದು ವಿಷಯದತ್ತ ಮುಖಮಾಡಿರುತ್ತದೆಂದು 1874ರಲ್ಲಿ ವಾದಿಸಿದಾಗ ಆ ವಿಚಾರದ ಎಳೆಯನ್ನು ಅರಿಸ್ಟಾಟಲ್‌ನಲ್ಲೇ ಗುರುತಿಸಿದ್ದ. ಆ 1862ರ ಪ್ರಬಂಧವೇ 1907ರಲ್ಲಿ ಹದಿಹರೆಯದ ಹೈಡೆಗರ್‌ನ ಕೈಸೇರಿತು.

ಋಣಕ್ಕೆ ಮಿತಿಯೂ ಇದೆ. ನಿರ್ದಿಷ್ಟ ವಸ್ತುವೇ ಇಲ್ಲದ ಆತಂಕಕ್ಕೆ ಹೈಡೆಗರ್ ಕೊಟ್ಟ ಸ್ಥಾನ ಅರಿಸ್ಟಾಟಲ್‌ನ ಪಟ್ಟಿಯಲ್ಲಿಲ್ಲ. ಗ್ರೀಕರಿಂದ ಬಂದದ್ದು ವಿವರಿಸುವ ಕ್ರಮ. ಅದರಿಂದ ತೆಗೆದ ತೀರ್ಮಾನ ಹೈಡೆಗರ್‌ನದೇ. 'ಬೀಯಿಂಗ್ ಅಂಡ್ ಟೈಮ್' ಕಬ್ಬಿಣದ ಕಡಲೆ ಎನ್ನುವವರು 'ರೆಟರಿಕ್'ನ ಭಯದ ಅಧ್ಯಾಯದಿಂದ ಆರಂಭಿಸಲಿ: ಕೆಲವೇ ಪುಟ, ಸರಳ ಮಾತು, ಮುಂದಿನ ಓದಿಗೆ ಬೇಕಾದ ಅಭ್ಯಾಸ.