ಚಲಚ್ಚಿತ್ರದ ಮಲತಾಯಿ: ಒಂದು ವಿಮರ್ಶೆ

ನಮ್ಮ ಚಲಚ್ಚಿತ್ರಗಳು ತೋರಿಸುವ ಮಲತಾಯಿಗೂ ನಮ್ಮ ಮನೆಗಳಿಗೆ ನಿಜವಾಗಿ ಬಂದ ಮಲತಾಯಿಗೂ ಇರುವ ಅಂತರವನ್ನು ವಿವೇಚಿಸುವುದು ಈ ಕಿರುಲೇಖನದ ಉದ್ದೇಶ.

ಪುರಾಣದ ಮಲತಾಯಂದಿರು ಸವತಿಯರು. ಸುರುಚಿ ಧ್ರುವನನ್ನು ತಂದೆಯ ತೊಡೆಯೇರಗೊಡದಿದ್ದಾಗ ಅವನ ತಾಯಿ ಸುನೀತಿ ಬದುಕಿದ್ದಳು. ಕೈಕೇಯಿ ವರ ಬೇಡಿದಾಗ ಕೌಸಲ್ಯೆ ಅದೇ ಅರಮನೆಯಲ್ಲಿದ್ದಳು. ಅಲ್ಲಿಯದು ಸವತಿಯರ ಮಕ್ಕಳ ಹಕ್ಕಿನ ಕಲಹ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಾಗ, 1946ರ ಶಾಸನ ಹಿಂದೂಗಳ ದ್ವಿಪತ್ನೀತ್ವವನ್ನು ನಿಷೇಧಿಸಿತು. ಅನಂತರ ಉಳಿದವಳು ಬೇರೊಂದು ಬಗೆಯ ಮಲತಾಯಿ. ಈ ಘಟ್ಟದ ಮೇಲಿನ ಊರುಗಳನ್ನು ಮಲೇರಿಯ ಬಹುಕಾಲ ಬರಿದುಮಾಡಿತ್ತು. 1940ರ ದಶಕದ ನಡುವೆ ಡಿ.ಡಿ.ಟಿ. ಸಿಂಪಡಿಸತೊಡಗಿದ ಮೇಲೆ ಅದು ಹತೋಟಿಗೆ ಬಂದಿತು. ಜ್ವರದಿಂದಲೋ ಹೆರಿಗೆಯಲ್ಲೋ ಗೃಹಿಣಿ ತೀರಿಕೊಂಡ ಮನೆಗೆ, ಕೂಸನ್ನು ಸಾಕಲೆಂದೂ ಅಡಕೆ ಕೊಯ್ಲಿನ ಕಾಲದಲ್ಲಿ ಮನೆವಾರ್ತೆ ನೋಡಲೆಂದೂ ಎರಡನೆಯವಳನ್ನು ತಂದರು. ಅವಳು ಬಂದುದು ಸವತಿಯ ಪಕ್ಕಕ್ಕಲ್ಲ, ಸಾವು ತೆರವುಮಾಡಿದ ಸ್ಥಾನಕ್ಕೆ.

ಚಲಚ್ಚಿತ್ರ ಈ ಭೇದವನ್ನು ಗಮನಿಸಲಿಲ್ಲ. ಬಿ. ಪುಟ್ಟಸ್ವಾಮಯ್ಯನವರ ‘ಅರ್ಧಾಂಗಿ’ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1969ರಲ್ಲಿ ‘ಮಲ್ಲಮ್ಮನ ಪವಾಡ’ವನ್ನು ನಿರ್ದೇಶಿಸಿದರು. ಅದೇ ವಸ್ತು ತಮಿಳಿನ ‘ಎಂಗ ಚಿನ್ನ ರಾಸ’ (1987), ಹಿಂದಿಯ ‘ಬೇಟಾ’ (1992) ಚಿತ್ರಗಳ ತರುವಾಯ 1993ರಲ್ಲಿ ‘ಅಣ್ಣಯ್ಯ’ ಎಂದು ಕನ್ನಡಕ್ಕೆ ಮರಳಿತು. ಮಲಮಗನಿಗೆ ವಿದ್ಯೆ ದೊರೆಯದಂತೆ ಮಾಡಿ ಆಸ್ತಿಯನ್ನು ಕೈವಶಮಾಡಿಕೊಳ್ಳುವ ಮಲತಾಯಿ, ಅವಳನ್ನು ದೇವರೆಂದೇ ನಂಬಿದ ಮಗ, ಕಪಟವನ್ನು ಬಯಲಿಗೆಳೆಯುವ ವಿದ್ಯಾವಂತೆಯಾದ ಸೊಸೆ: ಇದು ಕಥೆಯ ಸಾರ. ಸೊಸೆಯ ಬುದ್ಧಿಬಲವನ್ನು ಗೌರವಿಸಿದುದು ಈ ಚಿತ್ರಗಳ ನಿಜವಾದ ಗುಣ. ಆದರೆ ಮಲತಾಯಿಯ ಲೋಭಕ್ಕೆ ಅವು ಕಾರಣವನ್ನು ಅರಸುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಮೊದಲು ಗಂಡನ ಆಸ್ತಿಯಲ್ಲಿ ವಿಧವೆಗೆ ಪೂರ್ಣ ಒಡೆತನವಿರಲಿಲ್ಲ. ವಯಸ್ಸಾದವನ ಕೈಹಿಡಿದ ತರುಣಿ, ಮುಂದೆ ಮಲಮಗನ ಹಂಗಿನಲ್ಲಿ ಬಾಳಬೇಕಾದೀತೆಂದು ಅಂಜಿದ್ದರೆ ಅದು ದುಷ್ಟತನವಲ್ಲ, ಅಭದ್ರತೆ. ಅವಳನ್ನು ಆ ಸ್ಥಿತಿಗೆ ತಂದ ಗಂಡನ ಹೊಣೆಯಾದರೋ ವಿಚಾರಣೆಗೇ ಬರುವುದಿಲ್ಲ.

ಈ ದೃಷ್ಟಿಯಿಂದ ನಮ್ಮ ತಾಳಮದ್ದಲೆಯೇ ಹೆಚ್ಚು ನ್ಯಾಯಪರವೆನ್ನಬೇಕು. ಅಲ್ಲಿ ಕೈಕೇಯಿಯ ಅರ್ಥ ಹೇಳುವವನು ಅವಳ ಪಕ್ಷವನ್ನು ಸಮರ್ಥವಾಗಿ ವಾದಿಸಲೇಬೇಕು. ದಶರಥನ ಪಾತ್ರಧಾರಿ ಉತ್ತರ ಕೊಡಲೇಬೇಕು. ಪ್ರಸಂಗ ಹಳೆಯದಾದರೂ ಪ್ರಶ್ನೆ ಹೊಸದಾಗಿರುತ್ತದೆ. ಚಲಚ್ಚಿತ್ರದ ಮಲತಾಯಿಗಾದರೋ ಕೊನೆಯಲ್ಲಿ ಪಶ್ಚಾತ್ತಾಪದ ಕಣ್ಣೀರಿಗೆ ಅವಕಾಶವುಂಟು, ವಾದಕ್ಕೆ ಅವಕಾಶವಿಲ್ಲ.

ಸರಕಾರ ನಮ್ಮ ರಸ್ತೆಯನ್ನೋ ಆಸ್ಪತ್ರೆಯನ್ನೋ ಕಡೆಗಣಿಸಿದಾಗ ನಾವೆಲ್ಲರೂ ‘ಮಲತಾಯಿ ಧೋರಣೆ’ ಎಂದು ದೂರುತ್ತೇವೆ. ತಾನು ಹೆರದ ಮಕ್ಕಳಿಗೆ ಉಣಬಡಿಸಿ, ಓದಿಸಿ, ಮದುವೆ ಮಾಡಿಸಿದ ಹೆಂಗಸರು ಈ ಮಾತನ್ನು ನಮ್ಮ ನಡುವೆಯೇ ಕುಳಿತು ಕೇಳುತ್ತಾರೆ. ಅವರ ಚರಿತ್ರೆಯನ್ನು ಚಲಚ್ಚಿತ್ರ ಬರೆಯದಿದ್ದರೆ ಚರಿತ್ರಕಾರನಾದರೂ ಬರೆಯಬೇಕು.