ಜಿಗ್ಗುರಾತ್: ಶಾಸನದ ಅರಸ, ಕಥೆಯ ಜನ

ಪ್ರಾಚೀನ ಮೆಸೊಪೊಟೇಮಿಯಾದ ನಗರಗಳಲ್ಲಿ ಹಂತಹಂತವಾಗಿ ಕಿರಿದಾಗುತ್ತ ಮೇಲೇರುತ್ತಿದ್ದ ದೇವಾಲಯ ಗೋಪುರಗಳಿಗೆ ‘ಜಿಗ್ಗುರಾತ್’ ಎಂದು ಹೆಸರು. ಇವುಗಳನ್ನು ಕುರಿತ ಚರ್ಚೆಗಳಲ್ಲಿ ಅರಸರ ಶಾಸನಗಳನ್ನು ಚರಿತ್ರೆಯೆಂದೂ ಬಾಬೆಲ್ ಗೋಪುರದ ಕಥೆಯನ್ನು ಬರಿಯ ಕಲ್ಪನೆಯೆಂದೂ ಬೇರ್ಪಡಿಸುವ ರೂಢಿಯಿದೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ವಿಂಗಡಣೆ ಮರುಪರಿಶೀಲನೆಗೆ ಅರ್ಹವಾಗಿದೆ.

ಉರ್ ನಗರದ ಜಿಗ್ಗುರಾತನ್ನು ಕ್ರಿ.ಪೂ. 21ನೆಯ ಶತಮಾನದಲ್ಲಿ ಉರ್‌ನಮ್ಮು ಆರಂಭಿಸಿದನು. ಮಗ ಶುಲ್ಗಿ ಪೂರ್ಣಗೊಳಿಸಿದನು. 1922ರಿಂದ 1934ರವರೆಗೆ ಲಿಯೊನಾರ್ಡ್ ವೂಲಿ ಅಲ್ಲಿ ಉತ್ಖನನ ನಡೆಸಿದರು. ಒಳಗೆ ಹಸಿ ಇಟ್ಟಿಗೆಯ ಘನರಾಶಿ, ಹೊರಗೆ ಡಾಂಬರಿನಲ್ಲಿ ಕೂರಿಸಿದ ಸುಟ್ಟ ಇಟ್ಟಿಗೆಯ ಹೊದಿಕೆ, ಮೇಲೇರಲು ಮೂರು ಸೋಪಾನಗಳು ಇದರ ರಚನೆ. ಚಂದ್ರದೇವತೆಯಾದ ‘ನನ್ನಾ’ನ ಈ ಆವರಣದಲ್ಲಿ ಪೂಜೆಯಷ್ಟೇ ನಡೆಯುತ್ತಿರಲಿಲ್ಲ, ಉಗ್ರಾಣವೂ ಲೆಕ್ಕಪತ್ರವೂ ಅಲ್ಲಿದ್ದವು. ಆ ಕಾಲದ ಮಣ್ಣಿನ ಫಲಕಗಳಲ್ಲಿ ದುಡಿಯುವವರಿಗೆ ಅಳೆದುಕೊಟ್ಟ ಜವೆ, ಉಣ್ಣೆ, ಎಣ್ಣೆಗಳ ಲೆಕ್ಕ ಉಳಿದಿದೆ. ‘ಅಕೀತು’ ಉತ್ಸವದಲ್ಲಿ ದೇವರು ದೋಣಿಯೇರಿ ನಗರಪ್ರವೇಶ ಮಾಡುತ್ತಿದ್ದನು. ಹೀಗೆ ಅನ್ನ, ದುಡಿಮೆ, ಹಬ್ಬಗಳೆಲ್ಲವೂ ಈ ಆವರಣದೊಡನೆ ಹೆಣೆದುಕೊಂಡಿದ್ದವು.

ಆದರೆ ಗೋಪುರದ ಇಟ್ಟಿಗೆಗಳ ಮೇಲೆ ಒತ್ತಿರುವುದು ಅರಸನ ಹೆಸರು. ದೇವಾಲಯಗಳ ಅಡಿಪಾಯದಲ್ಲಿ ಹೂಳುತ್ತಿದ್ದ ಲೋಹದ ಗೊಂಬೆಗಳಲ್ಲಿ ಮಣ್ಣಿನ ಮಂಕರಿ ಹೊತ್ತವನೂ ಅರಸನೇ. ಕ್ರಿ.ಪೂ. 626ರಿಂದ 605ರವರೆಗೆ ಆಳಿದ ಬ್ಯಾಬಿಲೋನಿನ ನಬೊಪೊಲಾಸ್ಸರನು, ‘ಎತೆಮೆನಂಕಿ’ ಗೋಪುರದ ನಿರ್ಮಾಣದಲ್ಲಿ ತಾನೂ ತನ್ನ ಮಕ್ಕಳೂ ಮಣ್ಣು ಹೊತ್ತುದಾಗಿ ಶಾಸನದಲ್ಲಿ ಹೇಳಿಸಿದ್ದಾನೆ. ಸಾವಿರದೈನೂರು ವರ್ಷಗಳ ಅಂತರದಲ್ಲಿ ಪುನರಾವರ್ತನೆಯಾಗುವ ಈ ಆಶಯವನ್ನು ವರದಿಯೆನ್ನುವುದಕ್ಕಿಂತ ಸಿದ್ಧಸೂತ್ರವೆನ್ನುವುದು ಉಚಿತ. ದುಡಿದವರ ಮಂಕರಿಯನ್ನು ಪ್ರಭುತ್ವವು ತನ್ನ ಭಕ್ತಿಯ ಲಾಂಛನವಾಗಿಸಿಕೊಂಡಿದೆ.

ಬೈಬಲಿನ ಆದಿಕಾಂಡದ 11ನೆಯ ಅಧ್ಯಾಯದಲ್ಲಿ ಬರುವ ಬಾಬೆಲ್ ಕಥೆ ಹೊರಗಿನವರ ಕಥೆ. ಅದರ ಸ್ಥಳನಾಮ ವಿವರಣೆ ಜನಪದ ನಿರುಕ್ತಿ ಎಂಬುದು ಸರ್ವವಿದಿತ. ‘ದೇವರ ಬಾಗಿಲು’ ಎಂದು ಅಕ್ಕಾಡಿಯನ್ನರು ಅರ್ಥೈಸಿಕೊಂಡ ಹೆಸರಿಗೆ ಹೀಬ್ರೂ ಕಥೆ ‘ಕಲಸಿಹಾಕು’ ಎಂಬ ಅರ್ಥವನ್ನು ಹಚ್ಚಿತು. ‘ದೇವರ ಬಾಗಿಲು’ ಎಂಬುದೂ ಇನ್ನಷ್ಟು ಹಳೆಯ ಹೆಸರೊಂದರ ಜನಪದ ನಿರುಕ್ತಿಯಿರಬಹುದೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಅಂದಮೇಲೆ ಒಂದನ್ನು ಶಾಸ್ತ್ರವೆಂದೂ ಇನ್ನೊಂದನ್ನು ಕಟ್ಟುಕಥೆಯೆಂದೂ ಕರೆಯುವುದು ಸಾಧುವಲ್ಲ.

ಗಮನಾರ್ಹ ಸಂಗತಿಯೆಂದರೆ, ಈ ಕಥೆಗೆ ಸುಟ್ಟ ಇಟ್ಟಿಗೆ, ಡಾಂಬರುಗಳ ನಿಜವಾದ ತಂತ್ರ ಗೊತ್ತಿದೆ. ಅದರಲ್ಲಿ ಅರಸನೇ ಇಲ್ಲ. ನಿಮ್ರೋದನನ್ನು ಗೋಪುರದ ಒಡೆಯನನ್ನಾಗಿಸಿದ್ದು ನಂತರದ ಪರಂಪರೆ. ಮೂಲ ಕಥೆಯಲ್ಲಿ ಇಟ್ಟಿಗೆ ಸುಡುವವರೂ ನಗರ ಕಟ್ಟುವವರೂ ಜನರೇ. ನೆಬುಕದ್ನೆಜರನ ಶಾಸನವು ಈ ಗೋಪುರದ ಕೆಲಸಕ್ಕೆ ನಾನಾ ದೇಶಗಳ ಜನರನ್ನು ಕರೆತಂದುದನ್ನು ಹೆಮ್ಮೆಯಿಂದ ಸಾರುತ್ತದೆ. ಅಲ್ಲಿ ಹಲವು ನುಡಿಗಳು ಕೇಳಿಬಂದಿರಲೇಬೇಕು. ಶಾಸನಕ್ಕೆ ಅದು ವೈಭವ. ಕಥೆಗೆ ಅದು ಚದುರಿಹೋದವರ ನೋವು.

ಆದರೂ ಕಥೆ ನಿಷ್ಪಕ್ಷಪಾತವಾದುದಲ್ಲ. ಗೋಪುರದಲ್ಲಿ ಅಹಂಕಾರವನ್ನಷ್ಟೇ ಕಂಡ ಅದು, ನಗರದ ಉಗ್ರಾಣವನ್ನೂ ಉತ್ಸವವನ್ನೂ ಕಾಣಲಿಲ್ಲ. ಆದ್ದರಿಂದ ಶಾಸನ, ಲೆಕ್ಕದ ಫಲಕ, ಕಥೆ ಈ ಮೂರನ್ನೂ ಸಮಾನ ಎಚ್ಚರದಿಂದ ಓದಬೇಕಾಗುತ್ತದೆ. ಇಟ್ಟಿಗೆಯ ಮೇಲಿನ ಹೆಸರು ಅದನ್ನು ಹೊತ್ತವನದಲ್ಲ ಎಂಬ ಅರಿವಿನಿಂದಲೇ ಅಂತಹ ಓದು ಆರಂಭವಾಗಬೇಕು.